ಬೆಟ್ಟದ ಜೋಡು, ಬಯಲ ರಸ್ತೆ

ಕಳೆದ ತಿಂಗಳು ನಮಗೆ ಬಂದ ಕಾಗದಗಳ ಪೈಕಿ ಒಂದು ಪಾದರಕ್ಷೆಯನ್ನು ಕುರಿತದ್ದು. ಬರೆದವರು ಮೈಸೂರಿನ ಒಬ್ಬ ಗೃಹಿಣಿ, ವಯಸ್ಸು ೪೭, ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮೊಣಕಾಲಿನ ನೋವಿರುವುದರಿಂದ ಓಡುವುದನ್ನು ಬಿಟ್ಟು ಬೈಸಿಕಲ್ಲು ತುಳಿಯಬಹುದೆಂದು ವೈದ್ಯರು ಅವರಿಗೆ ಹೇಳಿದ್ದರಂತೆ. ಅದರಂತೆ ಎರಡು ವರ್ಷಗಳಿಂದ ಭಾನುವಾರ ಬೆಳಗ್ಗೆ ನಾಲ್ಕಾರು ಮಂದಿ ಜೊತೆಗಾರರೊಡನೆ ಶ್ರೀರಂಗಪಟ್ಟಣದವರೆಗೆ, ಕೆಲವು ವೇಳೆ ಅದರಿಂದಾಚೆಗೂ, ಹೋಗಿ ಬರುತ್ತಾರೆ. ಈಚೆಗೆ ಅಂಗಡಿಯವನ ಮಾತಿನಂತೆ ರಸ್ತೆಯ ಪಂದ್ಯಗಾರರು ತೊಡುವ ಜೋಡನ್ನೂ ಅದಕ್ಕೆ ತಕ್ಕ ಪೆಡಲುಗಳನ್ನೂ ಕೊಂಡರು. ಮೂರನೆಯ ವಾರ, ತಿಂಡಿಗೆಂದು ನಿಂತಲ್ಲಿ, ಹೋಟೆಲಿನ ನುಣುಪಾದ ಕಲ್ಲುಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದು ಮಣಿಕಟ್ಟು ಉಳುಕಿತು. ಈ ವಯಸ್ಸಿನಲ್ಲಿ ಇದೆಲ್ಲ ಏಕೆ, ಆ ಬೈಸಿಕಲ್ಲನ್ನು ಮಾರಿಬಿಡು ಎಂದು ಅತ್ತೆಯವರೂ ಯಜಮಾನರೂ ಈಗ ಒಂದೇ ಪಟ್ಟು ಹಿಡಿದಿದ್ದಾರೆ. ಮೊಣಕಾಲಿನ ನೋವು ಈ ಎರಡು ವರ್ಷಗಳಲ್ಲಿ ಬಹುಮಟ್ಟಿಗೆ ಇಳಿದಿರುವುದರಿಂದ ಆ ಸೋದರಿಗೆ ಬೈಸಿಕಲ್ಲನ್ನು ಬಿಡಲು ಮನಸ್ಸಿಲ್ಲ; ಹಿರಿಯರ ಮಾತನ್ನು ಮೀರಲೂ ಮನಸ್ಸಿಲ್ಲ. ಏನು ಮಾಡತಕ್ಕದ್ದೆಂದು ನಮ್ಮನ್ನು ಕೇಳಿದ್ದಾರೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬಿಡತಕ್ಕದ್ದು ಬೈಸಿಕಲ್ಲನ್ನಲ್ಲ, ಆ ಜೋಡನ್ನು. ಅದಕ್ಕೆ ಬದಲಾಗಿ, ಬೆಟ್ಟಗುಡ್ಡಗಳ ಕಾಲುದಾರಿಗಳಲ್ಲಿ ಬೈಸಿಕಲ್ಲು ನಡೆಸುವವರು ತೊಡುವಂಥ, ಅಂಗಡಿಗಳಲ್ಲಿ ‘ಮೌಂಟನ್ ಬೈಕ್ ಷೂ’ ಎಂದು ಕರೆಯುವಂಥ ಜೋಡನ್ನು ಕೊಳ್ಳತಕ್ಕದ್ದು. ಡಾಂಬರು ರಸ್ತೆಯಲ್ಲಿ ಹೋಗುವವರಿಗೆ ಬೆಟ್ಟದ ಜೋಡು ಏತಕ್ಕೆ ಎಂದು ವಾಚಕರು ಕೇಳಬಹುದು. ಆ ಸಂದೇಹವನ್ನು ಪರಿಹರಿಸುವುದಕ್ಕಾಗಿಯೇ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇವೆ. ಇದು ಒಬ್ಬ ಸೋದರಿಯ ಪ್ರಶ್ನೆಯೆಂದು ನಾವು ಎಣಿಸಿಲ್ಲ. ಮಧ್ಯವಯಸ್ಸನ್ನು ಮುಟ್ಟಿದ ಎಷ್ಟೋ ಮಂದಿ ಸಂಸಾರಿಗಳು ಆರೋಗ್ಯಕ್ಕಾಗಿ ಈಗ ಬೈಸಿಕಲ್ಲನ್ನು ಹಿಡಿದಿದ್ದಾರೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ಅವರಲ್ಲಿ ಅನೇಕರಿಗೆ ಜೋಡನ್ನು ಆರಿಸಿಕೊಡುವವನು ಅಂಗಡಿಯವನೇ. ರಸ್ತೆಯ ಬೈಸಿಕಲ್ಲಿಗೆ ರಸ್ತೆಯ ಜೋಡು ಎಂಬ ತರ್ಕ ಕೇಳುವುದಕ್ಕೆ ಬಹಳ ನೇರವಾಗಿದೆ.

ಮಾರ್ಕೆಟ್ಟಿಗೋ ಬ್ಯಾಂಕಿಗೋ ಮೂರು ನಾಲ್ಕು ಕಿಲೋಮೀಟರು ಹೋಗಿ ಬರುವವರಿಗೆ ನಾವು ಹೇಳಲಿರುವ ಯಾವ ಜೋಡೂ ಬೇಕಿಲ್ಲ. ನಾವು ಮೂವತ್ತೆರಡು ವರ್ಷ ಚಪ್ಪಲಿ ಮೆಟ್ಟಿಕೊಂಡೇ ಬೈಸಿಕಲ್ಲಿನ ಮೇಲೆ ಶಾಲೆಗೆ ಹೋಗಿ ಬಂದವರು. ರಬ್ಬರು ಹೊದಿಸಿದ ಅಗಲವಾದ ಪೆಡಲಿಗೆ ಚಪ್ಪಲಿ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಒಂದೇ ಸಮನೆ ಎರಡು ಮೂರು ಗಂಟೆಗಳ ಕಾಲ ತುಳಿಯುವಾಗ ಸ್ಥಿತಿ ಬೇರೆ. ಗಂಟೆಗೆ ನಾಲ್ಕೈದು ಸಾವಿರ ಸಲ ಪಾದವು ಪೆಡಲನ್ನು ಒತ್ತುತ್ತದೆ. ಮೆತ್ತನೆಯ ಅಟ್ಟೆಯಿದ್ದರೆ ಅದು ಪೆಡಲಿನ ಅಂಚಿನ ಮೇಲೆ ಬಾಗಿ, ಅಂಗಾಲಿನ ಒಂದೇ ಜಾಗದಲ್ಲಿ ಭಾರ ಬಿದ್ದು, ಬೆರಳುಗಳು ಮೊದಲು ಉರಿದು ಆಮೇಲೆ ಜೋಮು ಹಿಡಿಯುತ್ತವೆ. ಕಾಲು ಜಾರಿ ಜಾರಿ ಸ್ಥಾನ ಬದಲಾಯಿಸುವುದೂ ಉಂಟು. ಈ ಎರಡು ತೊಂದರೆಗಳಿಗಾಗಿ ಗಡುಸಾದ ಅಟ್ಟೆಯೂ ಪೆಡಲಿಗೆ ಕಚ್ಚಿಕೊಳ್ಳುವ ಕೊಂಡಿಯೂ ಹುಟ್ಟಿದವು.

ಸಂಸ್ಕೃತದಲ್ಲಿ ಪಾದರಕ್ಷೆಗಿರುವ ಹೆಸರುಗಳಲ್ಲಿ ‘ಉಪಾನಹ್’ ಎಂಬುದೊಂದು. ‘ನಹ್’ ಧಾತುವಿಗೆ ಕಟ್ಟುವುದೆಂದು ಅರ್ಥ. ಕಾಲಿಗೆ ಸೇರಿಸಿ ಕಟ್ಟಿದ್ದು ಉಪಾನಹ್. ಬೈಸಿಕಲ್ಲಿನ ಜೋಡಿಗೆ ಈ ಹೆಸರು ಇಮ್ಮಡಿಯಾಗಿ ಸಲ್ಲುತ್ತದೆ. ಏಕೆಂದರೆ ಅಲ್ಲಿ ಕಟ್ಟು ಎರಡು. ಕಾಲು ಜೋಡಿಗೆ ಕಟ್ಟುಬಿದ್ದಿರುವುದು ಒಂದು, ಜೋಡು ಪೆಡಲಿಗೆ ಕಟ್ಟುಬಿದ್ದಿರುವುದು ಇನ್ನೊಂದು. ಮೊದಲನೆಯದನ್ನು ಲಾಡಿಯೋ ಪಟ್ಟಿಯೋ ಮಾಡುತ್ತದೆ. ಎರಡನೆಯದನ್ನು ಮಾಡುವ ಉಪಾಯದಲ್ಲಿಯೇ ರಸ್ತೆಯ ಜೋಡಿಗೂ ಬೆಟ್ಟದ ಜೋಡಿಗೂ ಇರುವ ಭೇದವೆಲ್ಲ ಅಡಗಿದೆ.

ಹಿಂದಿನ ಕಾಲದ ಪಂದ್ಯಗಾರರು ಪೆಡಲಿನ ಮುಂಭಾಗಕ್ಕೆ ಲೋಹದ ಸಣ್ಣ ಪಂಜರವನ್ನು ಬಿಗಿದು, ಅದರೊಳಕ್ಕೆ ಪಾದದ ತುದಿಯನ್ನು ತೂರಿಸಿ, ತೊಗಲಿನ ಪಟ್ಟಿಯಿಂದ ಎಳೆದು ಕಟ್ಟುತ್ತಿದ್ದರು. ಆ ಪಂಜರಕ್ಕೆ ಇಂಗ್ಲಿಷಿನಲ್ಲಿ ‘ಟೋ-ಕ್ಲಿಪ್’ ಎಂದು ಹೆಸರು. ನಿಲ್ಲಬೇಕಾದಾಗ ಬಗ್ಗಿ ಕೈಯಿಂದ ಪಟ್ಟಿಯನ್ನು ಸಡಿಲಿಸಬೇಕು. ಮರೆತರೆ ಬೈಸಿಕಲ್ಲಿನ ಸಮೇತ ನೆಲಕ್ಕೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಬೂಟನ್ನು ಹಿಡಿದಿಡುವ ಕೊಂಡಿಗಳನ್ನು ಮಾಡುತ್ತಿದ್ದ ಲುಕ್ ಎಂಬ ಫ್ರಾನ್ಸಿನ ಕಂಪೆನಿಯವರು ಅದೇ ಉಪಾಯವನ್ನು ಪೆಡಲಿಗೆ ತಂದರು. ೧೯೮೫ ರಲ್ಲಿ ಬರ್ನಾರ್ ಇನೋ ಎಂಬ ಪ್ರಸಿದ್ಧ ಸವಾರನು ಆ ಪೆಡಲುಗಳನ್ನು ತುಳಿದು ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಐದನೆಯ ಬಾರಿಗೆ ಗೆದ್ದ ಮೇಲೆ ಪಂಜರದ ಕಾಲ ಮುಗಿಯುತ್ತ ಬಂತು. ಹೊಸ ಪೆಡಲಿನಲ್ಲಿ ಕೈಗೆ ಕೆಲಸವಿಲ್ಲ: ಮುಂದಕ್ಕೆ ಒತ್ತಿದರೆ ಕೊಂಡಿ ಕಚ್ಚುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಟೋ-ಕ್ಲಿಪ್ ಇಲ್ಲದ ಪೆಡಲಾದ್ದರಿಂದ ಇದಕ್ಕೆ ‘ಕ್ಲಿಪ್‌ಲೆಸ್’ ಎಂದರು. ಅದೇ ಪೆಡಲಿಗೆ ಕಾಲು ಸಿಕ್ಕಿಸುವುದನ್ನು ಈಗಿನ ಸವಾರರು ‘ಕ್ಲಿಪ್ ಆಗುವುದು’ ಎನ್ನುತ್ತಾರೆ! ಕ್ಲಿಪ್ಪಿಲ್ಲದ್ದರಲ್ಲಿ ಕ್ಲಿಪ್ ಆಗುವುದೆಂತು ಎಂದು ಹೊಸಬರು ತಬ್ಬಿಬ್ಬಾಗುವುದು ಸಹಜ. ಯೌಗಿಕಾರ್ಥವನ್ನು ರೂಢಾರ್ಥ ನುಂಗಿದುದಕ್ಕೆ ಇದೂ ಒಂದು ಉದಾಹರಣೆ. ‘ಕುಶಲ’ನೆಂದರೆ ದರ್ಭೆ ಕೊಯ್ಯುವವನೆಂದು ಇಂದು ಯಾರೂ ತಿಳಿಯರಷ್ಟೆ.

ಪೆಡಲಿಗೆ ಕಚ್ಚಿಕೊಳ್ಳಲು ಜೋಡಿನ ಅಟ್ಟೆಗೆ ಬಿಗಿಯುವ ಬಿಲ್ಲೆಗೆ ‘ಕ್ಲೀಟು’ ಎನ್ನುತ್ತಾರೆ. ರಸ್ತೆಯ ಜೋಡಿನ ಕ್ಲೀಟು ಅಗಲವಾದದ್ದು, ಮುಮ್ಮೂಲೆಯಾದದ್ದು, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಮೂರು ತಿರುಪುಮೊಳೆಗಳಿಂದ ಅಟ್ಟೆಗೆ ಬಿಗಿದಿರುತ್ತದೆ. ಅಟ್ಟೆ ನುಣುಪಾಗಿದ್ದು, ಕ್ಲೀಟು ಅದರ ಕೆಳಗೆ ಹೊರಕ್ಕೆ ಚಾಚಿಕೊಂಡಿರುತ್ತದೆ. ಬೈಸಿಕಲ್ಲಿನ ಮೇಲೆ ಕುಳಿತಿರುವಷ್ಟು ಹೊತ್ತು ಇದರಲ್ಲಿ ದೋಷವಿಲ್ಲ. ಬೆಟ್ಟದ ಸವಾರರ ಗತಿ ಬೇರೆ. ಅವರು ಕೆಸರಿನಲ್ಲಿ ಇಳಿದು ಬೈಸಿಕಲ್ಲನ್ನು ನೂಕಬೇಕು, ಬಂಡೆಯ ಮೇಲೆ ಹೆಗಲಿನಲ್ಲಿ ಹೊತ್ತು ಹತ್ತಬೇಕು. ಅಂಥವರಿಗಾಗಿ ಜಪಾನಿನ ಷಿಮಾನೊ ಕಂಪೆನಿಯವರು ೧೯೯೦ ರಲ್ಲಿ ಎಸ್.ಪಿ.ಡಿ. ಎಂಬ ಏರ್ಪಾಡನ್ನು ಹೊರತಂದರು. ಇದರ ಕ್ಲೀಟು ಉಕ್ಕಿನದು, ಎರಡು ಬೆರಳಗಲದಷ್ಟು ಚಿಕ್ಕದು, ಎರಡೇ ತಿರುಪುಮೊಳೆಗಳದು. ಅದು ಅಟ್ಟೆಯಲ್ಲಿ ಕೊರೆದ ಗುಳಿಯೊಳಗೆ ಅಡಗಿ ಕುಳಿತಿರುತ್ತದೆ. ಸುತ್ತಲೂ ರಬ್ಬರಿನ ಹಲ್ಲುಗಳಿರುತ್ತವೆ. ನಡೆಯುವಾಗ ನೆಲವನ್ನು ಮುಟ್ಟುವುದು ಆ ರಬ್ಬರು.

ಇನ್ನು ಆ ಸೋದರಿ ಬಿದ್ದದ್ದೇಕೆಂದು ಹೇಳಬೇಕಾದುದಿಲ್ಲ. ರಸ್ತೆಯ ಜೋಡು ತೊಟ್ಟು ನಿಂತವನ ಭಾರವೆಲ್ಲ ಹೆಬ್ಬೆರಳಿನ ಬುಡದ ಕೆಳಗಿರುವ ಒಂದು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ನಿಂತಿರುತ್ತದೆ. ಬೆರಳ ಕಡೆ ಎತ್ತರ, ಹಿಮ್ಮಡಿಯ ಕಡೆ ತಗ್ಗು, ಅಟ್ಟೆ ಬಾಗುವುದಿಲ್ಲ, ನಡಿಗೆ ಬಾತುಕೋಳಿಯದಾಗುತ್ತದೆ. ನಮ್ಮ ಊರುಗಳ ಹೋಟೆಲುಗಳ ಮುಂದೆ ಹಾಸಿರುವುದು ಮೆರುಗು ಕೊಟ್ಟ ಗ್ರಾನೈಟು, ಒಳಗೆ ನುಣುಪಾದ ಟೈಲು. ಎರಡನ್ನೂ ಬೆಳಗ್ಗೆ ಐದು ಗಂಟೆಗೆ ನೀರು ಹಾಕಿ ತೊಳೆದಿರುತ್ತಾರೆ. ಅದರ ಮೇಲೆ ಈ ಬಿಲ್ಲೆ ಜಾರದಿದ್ದರೆ ಆಶ್ಚರ್ಯ. ಕೆಲವು ಬಿಲ್ಲೆಗಳ ಮೂಲೆಗಳಿಗೆ ರಬ್ಬರಿನ ತುಣುಕು ಅಂಟಿಸಿರುತ್ತಾರೆ, ಮೇಲೆ ತೊಡಿಸುವ ರಬ್ಬರಿನ ಮುಸುಕುಗಳೂ ಸಿಕ್ಕುತ್ತವೆ. ಆದರೆ ಪ್ರತಿಯೊಂದು ನಿಲುಗಡೆಯಲ್ಲಿಯೂ ಜೇಬಿನಿಂದ ಮುಸುಕು ತೆಗೆದು, ಬಗ್ಗಿ ತೊಡಿಸಿ, ಮತ್ತೆ ಬಿಚ್ಚಿ, ಕೆಸರಿನ ಸಮೇತ ಜೇಬಿಗೆ ಹಾಕಿಕೊಳ್ಳುವ ತಾಳ್ಮೆಯುಳ್ಳವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಅಲ್ಲದೆ ನಡೆದಷ್ಟೂ ಪ್ಲಾಸ್ಟಿಕ್ಕು ಸವೆಯುತ್ತದೆ. ಸವೆದ ಕ್ಲೀಟು ಪೆಡಲಿನಲ್ಲಿ ಸರಿಯಾಗಿ ನಿಲ್ಲದು. ಗುಳಿಯೊಳಗಿರುವ ಉಕ್ಕಿನ ಕ್ಲೀಟು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ.

ಸಂಸಾರಿಯ ಸವಾರಿಯಲ್ಲಿ ನಡಿಗೆಯ ಪಾಲು ಎಷ್ಟಿದೆಯೆಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮನೆಯ ಮೆಟ್ಟಿಲಿಳಿಯಬೇಕು, ರೈಲ್ವೆ ಗೇಟಿನಲ್ಲಿ ಇಳಿದು ನೂಕಬೇಕು, ತಿಂಡಿಗೆ ನಿಲ್ಲಬೇಕು, ಬರುವಾಗ ಹಾಲೋ ಸೊಪ್ಪೋ ತರಬೇಕು, ಟೈರು ಪಂಕ್ಚರಾದರೆ ರಿಪೇರಿಯವನಿರುವ ಕಡೆಗೆ ಒಂದೆರಡು ಕಿಲೋಮೀಟರು ನಡೆಯಬೇಕು. ಪಂದ್ಯಗಾರನ ಹಿಂದೆಯಾದರೋ ಮೋಟಾರಿನಲ್ಲಿ ಮೆಕ್ಯಾನಿಕ್ಕು ಬರುತ್ತಾನೆ. ಅವನಿಗಾಗಿ ಮಾಡಿದ ಜೋಡನ್ನು ನಾವು ತೊಡುವುದು ಮದುವೆಯ ಜರಿಪೇಟವನ್ನು ಸುತ್ತಿಕೊಂಡು ಗದ್ದೆಗೆ ಇಳಿದ ಹಾಗೆ.

ಬೆಟ್ಟದ ಜೋಡಿನ ಮೇಲೆ ಹೇಳುವ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ಭಾರ ಹೆಚ್ಚು ಎಂಬುದು ಮೊದಲನೆಯದು. ಇದು ನಿಜವೇ, ಒಂದೊಂದು ಜೋಡಿನಲ್ಲಿ ನೂರು ನೂರೈವತ್ತು ಗ್ರಾಮು ಹೆಚ್ಚಿರಬಹುದು. ಪೆಡಲುಗಳ ವ್ಯತ್ಯಾಸವನ್ನೂ ಸೇರಿಸಿ ಧಾರಾಳವಾಗಿ ಒಟ್ಟು ಅರ್ಧ ಕಿಲೋಗ್ರಾಮೆಂದೇ ಇಟ್ಟುಕೊಳ್ಳೋಣ. ಸವಾರನೂ ಬೈಸಿಕಲ್ಲೂ ಸೇರಿ ೭೫ ಕಿಲೋಗ್ರಾಮಾದರೆ ಇದು ನೂರೈವತ್ತರಲ್ಲಿ ಒಂದು ಪಾಲು. ಕಡಿದಾದ ಏರಿನಲ್ಲಿ ಕಾಲವು ಸುಮಾರಾಗಿ ಭಾರವನ್ನು ಅನುಸರಿಸುವುದರಿಂದ, ನಂದಿಬೆಟ್ಟವನ್ನು ೪೫ ನಿಮಿಷಗಳಲ್ಲಿ ಹತ್ತುವವರಿಗೆ ೧೮ ಸೆಕೆಂಡು ತಡವಾದೀತು. ಸಮತಟ್ಟಾದ ರಸ್ತೆಯಲ್ಲಿ ಅಷ್ಟೂ ಇಲ್ಲ. ಒಂದು ಕಾಲು ಏರುವಾಗ ಇನ್ನೊಂದು ಇಳಿಯುವುದರಿಂದ ಎರಡು ಜೋಡುಗಳ ಭಾರ ತಕ್ಕಡಿಯ ತಟ್ಟೆಗಳಂತೆ ಒಂದಕ್ಕೊಂದು ಸರಿಹೋಗುತ್ತದೆ. ಬೆಟ್ಟದ ಮೇಲೆ ಒಂದು ಲೋಟ ಕಾಫಿ ಆರುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಎರಡನೆಯದು, ಬಲ ವ್ಯರ್ಥವಾಗುತ್ತದೆಂಬುದು. ಅಟ್ಟೆ ಗಡುಸಾಗಿದ್ದರೆ ತುಳಿದ ಬಲವೆಲ್ಲ ಪೆಡಲಿಗೇ ಹೋಗುತ್ತದೆ. ಮತ್ತು ಗಡುಸಾದ ಅಟ್ಟೆ ಎರಡು ಬಗೆಯ ಜೋಡುಗಳಲ್ಲಿಯೂ ಉಂಟು. ಕೊಂಡಿಯಿರುವುದರಿಂದ ಪೆಡಲನ್ನು ಮೇಲಕ್ಕೂ ಎಳೆಯಬಹುದು, ಆದಕಾರಣ ಶ್ರಮ ಉಳಿಯುತ್ತದೆ ಎಂದು ಅಂಗಡಿಗಳಲ್ಲಿ ಹೇಳುವುದನ್ನು ಅಷ್ಟಾಗಿ ನಂಬಬೇಕಾದುದಿಲ್ಲ. ಸವಾರರ ಉಸಿರನ್ನು ಅಳೆದು ಪರೀಕ್ಷಿಸಿದವರು, ಬೇಕೆಂದು ಮೇಲಕ್ಕೆ ಎಳೆಯುತ್ತ ತುಳಿದರೆ ಶ್ರಮ ಕಡಮೆಯಾಗುವುದಿಲ್ಲವೆಂದೇ ಕಂಡಿದ್ದಾರೆ. ಕೊಂಡಿಯ ನಿಜವಾದ ಉಪಕಾರ, ಹೊಂಡದ ಮೇಲೆ ಬೈಸಿಕಲ್ಲು ಎಗರಿದಾಗಲೂ ಮಳೆಯಲ್ಲಿ ನೆನೆದಾಗಲೂ ಕಾಲು ಸ್ಥಾನ ತಪ್ಪದಂತೆ ಇರಿಸುವುದು. ಅದಕ್ಕೆ ಚಿಕ್ಕ ಕ್ಲೀಟು ಧಾರಾಳವಾಗಿ ಸಾಕು.

ಮೂರನೆಯ ಆಕ್ಷೇಪಣೆಗೆ ಸ್ವಲ್ಪ ಆಧಾರವಿದೆ. ಕ್ಲೀಟು ಚಿಕ್ಕದಾದ್ದರಿಂದ ಅಂಗಾಲಿನಲ್ಲಿ ಒಂದೇ ಕಡೆ ಒತ್ತುತ್ತದೆ ಎನ್ನುತ್ತಾರೆ. ಅಟ್ಟೆ ಮೆತ್ತಗಿದ್ದರೆ ಹೀಗಾಗುವುದುಂಟು. ಭಾರವನ್ನು ಪಾದದ ಅಗಲಕ್ಕೆಲ್ಲ ಹಂಚುವ ಕೆಲಸ ಅಟ್ಟೆಯದು, ಕ್ಲೀಟಿನದಲ್ಲ. ಆದುದರಿಂದ ಇದು ಬೆಟ್ಟದ ಜೋಡನ್ನು ಬಿಡುವುದಕ್ಕೆ ಕಾರಣವಲ್ಲ, ಅವುಗಳಲ್ಲಿ ಗಡುಸಾದುದನ್ನು ಆರಿಸುವುದಕ್ಕೆ ಕಾರಣ.

ದೂರದ ಸವಾರರ ಕಾಲುಗಳನ್ನು ನೋಡಿದರೂ ಈ ಮಾತು ತಿಳಿಯುತ್ತದೆ. ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ಕಡೆಯಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳುವ ೧೨೦೦ ಕಿಲೋಮೀಟರುಗಳ ಒಂದು ಸವಾರಿಯುಂಟು. ೧೮೯೧ ರಲ್ಲಿ ಪಂದ್ಯವಾಗಿ ಮೊದಲಾದ ಇದು ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ; ೨೦೨೩ ರಲ್ಲಿಯೂ ನಡೆಯಿತು. ೯೦ ಗಂಟೆಗಳೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಬಹುಮಾನವಿಲ್ಲ. ದಾರಿಯಲ್ಲಿ ಗೊತ್ತುಪಡಿಸಿದ ಠಾಣೆಗಳಲ್ಲಿ ಇಳಿದು, ಒಳಕ್ಕೆ ನಡೆದು, ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು, ಉಂಡು, ಒಂದಿಷ್ಟು ಮಲಗಿ, ಮತ್ತೆ ಹೊರಡಬೇಕು. ಇದೇ ಪದ್ಧತಿಯ ಚಿಕ್ಕ ಸವಾರಿಗಳು ನಮ್ಮಲ್ಲಿ ಬೆಂಗಳೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ನಡೆಯುತ್ತವೆ. ೨೦೦ ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, ೬೦೦ ಕಿಲೋಮೀಟರಿಗೆ ೪೦ ಗಂಟೆ ಅವಧಿ. ಇಂಥ ಸವಾರರಲ್ಲಿ ಎರಡು ತಿರುಪಿನ ಬೆಟ್ಟದ ಜೋಡನ್ನು ತೊಡುವವರು ಬಹುಮಂದಿ. ದಿನವಿಡೀ ತುಳಿಯುವವರಿಗೆ ಸಾಲುವ ಜೋಡು ನಮ್ಮ ಭಾನುವಾರದ ಬೆಳಗಿಗೆ ಸಾಲದೆ? ಪಂದ್ಯಕ್ಕೆ ಹೆಸರು ಕೊಡುವ ತರುಣರು, ಮನೆಯ ಬಾಗಿಲಲ್ಲಿ ಹತ್ತಿ ಮನೆಯ ಬಾಗಿಲಲ್ಲೇ ಇಳಿಯುವವರು ರಸ್ತೆಯ ಜೋಡನ್ನು ತೊಡಲಿ. ಅವರೊಡನೆ ನಮಗೆ ವಿವಾದವಿಲ್ಲ.

ಬೆಟ್ಟದ ಜೋಡು ತೊಟ್ಟರೆ ಬೆಟ್ಟದ ಬೈಸಿಕಲ್ಲನ್ನೇ ಕೊಳ್ಳಬೇಕೇನೋ ಎಂಬ ಭಯ ಕೆಲವರಿಗಿದೆ. ಬದಲಾಯಿಸಬೇಕಾದುದು ಪೆಡಲುಗಳನ್ನು ಮಾತ್ರ. ಈಗಿನ ಒಳ್ಳೆಯ ಬೈಸಿಕಲ್ಲುಗಳಲ್ಲಿ, ರಸ್ತೆಯದಾಗಲಿ ಬೆಟ್ಟದ್ದಾಗಲಿ, ಪೆಡಲಿನ ತಿರುಪು ಒಂದೇ ಅಳತೆಯದು, ಅಂಗುಲದ ಹದಿನಾರರಲ್ಲಿ ಒಂಬತ್ತು ಪಾಲು. ಬೆಟ್ಟದ ಪೆಡಲುಗಳಲ್ಲಿ ಬಹುಪಾಲು ಎರಡು ಮುಖಗಳಲ್ಲಿಯೂ ಕಚ್ಚುವಂಥವು. ಸಿಗ್ನಲಿನಿಂದ ಹೊರಡುವಾಗ ಯಾವ ಮುಖ ಮೇಲಿದೆಯೆಂದು ತಲೆ ತಗ್ಗಿಸಿ ಹುಡುಕಬೇಕಾದುದಿಲ್ಲ. ಒಂದು ಮುಖ ಕೊಂಡಿ, ಇನ್ನೊಂದು ಮುಖ ಚಪ್ಪಟೆಯಾಗಿರುವ ಪೆಡಲುಗಳೂ ಉಂಟು. ಮನೆಯಲ್ಲಿ ಅದೇ ಬೈಸಿಕಲ್ಲನ್ನು ಮಗನೋ ಯಜಮಾನರೋ ಚಪ್ಪಲಿಯಲ್ಲಿ ತುಳಿಯುವುದಿದ್ದರೆ ಇವೇ ಮೇಲು. ಕ್ಲೀಟುಗಳು ಸಾಮಾನ್ಯವಾಗಿ ಪೆಡಲಿನ ಪೆಟ್ಟಿಗೆಯಲ್ಲಿ ಬರುತ್ತವೆ, ಜೋಡಿನ ಪೆಟ್ಟಿಗೆಯಲ್ಲಿ ಅಲ್ಲ. ತಿಳಿಯದವರು ಎರಡು ಸಲ ದುಡ್ಡು ಕೊಟ್ಟದ್ದುಂಟು.

ಅಂಗಡಿಯಲ್ಲಿ ಜೋಡನ್ನು ಕೈಗೆ ಕೊಟ್ಟಕೂಡಲೆ ಮೊದಲು ಮಗುಚಿ ಕೆಳಗೆ ನೋಡಬೇಕು. ‘ಮೌಂಟನ್’ ಎಂಬ ಹೆಸರಿನಲ್ಲಿಯೇ ಕೊಂಡಿಯಿಲ್ಲದ ಪೆಡಲಿಗಾಗಿ ಮಾಡಿದ, ಚಪ್ಪಟೆ ಅಟ್ಟೆಯ, ತಿರುಪಿನ ಜಾಗವೇ ಇಲ್ಲದ ಜೋಡುಗಳೂ ಮಾರಾಟಕ್ಕಿವೆ. ನಮಗೆ ಬೇಕಾದುದರಲ್ಲಿ ಮುಂಗಾಲಿನ ನಡುವೆ ಎರಡು ಉದ್ದನೆಯ ಗಾಡಿಗಳಿರಬೇಕು, ಇಲ್ಲವೆ ಆ ಜಾಗವನ್ನು ಮುಚ್ಚಿದ ರಬ್ಬರಿನ ಮುಚ್ಚಳವಾದರೂ ಇರಬೇಕು. ‘ಗ್ರಾವೆಲ್’ ಎಂಬ ಹೊಸ ಹೆಸರಿನವೂ ಹೆಚ್ಚಾಗಿ ಇದೇ ಎರಡು ತಿರುಪಿನ ಜಾತಿಯವು, ಅವನ್ನು ಬೇಡವೆನ್ನಬೇಕಾದುದಿಲ್ಲ. ರಬ್ಬರಿನ ಹಲ್ಲುಗಳು ತಗ್ಗಾಗಿದ್ದಷ್ಟೂ ರಸ್ತೆಗೆ ಒಳ್ಳೆಯದು. ಹಲ್ಲು ಬಹಳ ಎತ್ತರವಾದರೆ ಪೆಡಲಿಗೆ ತಾಗಿ ಕ್ಲೀಟು ಕಚ್ಚಿಕೊಳ್ಳದು. ಬೆರಳ ತುದಿಯಲ್ಲಿ ಫುಟ್‌ಬಾಲ್ ಬೂಟಿನಂತೆ ಮುಳ್ಳು ತಿರುಪಿದ್ದರೆ ಬಿಚ್ಚಿಸಿಬಿಡಬೇಕು.

ಆಮೇಲೆ ಹಿಮ್ಮಡಿಯನ್ನೂ ತುದಿಯನ್ನೂ ಎರಡು ಕೈಗಳಲ್ಲಿ ಹಿಡಿದು ಬಾಗಿಸಿ ನೋಡಬೇಕು. ರೊಟ್ಟಿಯಂತೆ ಮಡಿಸಿಕೊಂಡರೆ ಅದು ಎರಡು ಗಂಟೆಗಳ ಸವಾರಿಗೆ ಆಗದು. ಹಲಗೆಯಂತೆ ಕಿಂಚಿತ್ತೂ ಅಲುಗದಿದ್ದರೆ ನಡೆಯುವುದಕ್ಕೆ ಆಗದು. ಕಾರ್ಬನ್ ಎಳೆಯ ಅಟ್ಟೆಗಳು ಹೀಗಿರುತ್ತವೆ, ಬೆಲೆಯೂ ಹೆಚ್ಚು. ಗಾಜಿನ ಎಳೆ ಬೆರಸಿದ ನೈಲಾನಿನ ಅಟ್ಟೆ ನಮ್ಮಂಥವರಿಗೆ ತಕ್ಕದ್ದು. ಕ್ಲೀಟಿನ ಜಾಗದಲ್ಲಿ ಗಡುಸಾಗಿದ್ದು ಬೆರಳ ತುದಿಯಲ್ಲಿ ಸ್ವಲ್ಪ ಬಾಗಿದರೆ ಅದೇ ಸರಿ.

ಅಳತೆಯ ಮಾತಿಗೆ ಹೆಚ್ಚು ಗಮನ ಕೊಡಬೇಕು; ಜೋಡು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ನಡೆದ ನಮ್ಮ ಪಾದಗಳು ಬೆರಳುಗಳ ಕಡೆ ವಿಶಾಲವಾಗಿ ಹರಡಿಕೊಂಡಿರುತ್ತವೆ. ಈ ಜೋಡುಗಳಲ್ಲಿ ಅನೇಕವು ಕಿರಿದಾದ ಅಚ್ಚಿನ ಮೇಲೆ ಹೊಲಿದವು. ಅಗಲ ಸಾಲದಾದಾಗ ಅಂಗಡಿಯವನು ಒಂದು ನಂಬರು ದೊಡ್ಡದನ್ನು ಕೊಡುತ್ತಾನೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಕುಣಿಯುತ್ತದೆ. ಕೆಲವು ಕಂಪೆನಿಗಳು ಅದೇ ನಂಬರಿನಲ್ಲಿ ಅಗಲವಾದ ಅಚ್ಚಿನವನ್ನೂ ಮಾಡುತ್ತವೆ; ಕೇಳಿ ತರಿಸಿಕೊಳ್ಳಬೇಕು, ತಡವಾದರೂ ಚಿಂತೆಯಿಲ್ಲ. ಒಂದು ಕಂಪೆನಿಯ ೪೨ ಇನ್ನೊಂದರ ೪೨ ಆಗಿರುವುದಿಲ್ಲ. ಕಾಗದದ ಮೇಲೆ ನಿಂತು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಉದ್ದನೆಯ ಬೆರಳಿನ ತುದಿಗೆ ಗೀಟು ಹಾಕಿ, ಎರಡು ಪಾದಗಳನ್ನೂ ಸೆಂಟಿಮೀಟರಿನಲ್ಲಿ ಅಳೆದು ಆಯಾ ಕಂಪೆನಿಯ ಪಟ್ಟಿಯೊಡನೆ ಹೋಲಿಸಬೇಕು. ಎರಡು ಪಾದಗಳೂ ಸಮವಾಗಿರುವುದು ಅಪರೂಪ, ದೊಡ್ಡದಕ್ಕೆ ತಕ್ಕಂತೆ ಕೊಳ್ಳಬೇಕು. ಕೊಳ್ಳುವುದು ಸಂಜೆಯ ಹೊತ್ತಿನಲ್ಲಿ, ಸವಾರಿಗೆ ತೊಡುವ ಕಾಲುಚೀಲವನ್ನೇ ತೊಟ್ಟು. ದಿನದ ಓಡಾಟದಿಂದಲೂ ಸೆಕೆಯಿಂದಲೂ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಎರಡು ಗಂಟೆ ತುಳಿದ ಮೇಲೆಯೂ ಹಾಗೆಯೇ ಆಗುತ್ತದೆ. ಬೆರಳುಗಳನ್ನು ಒಳಗೆ ಆಡಿಸಲು ಬರಬೇಕು. ಮುಂದೆ ಅರ್ಧ ಹೆಬ್ಬೆರಳಿನಷ್ಟು ಎಡೆಯಿರಬೇಕು. ಹಿಮ್ಮಡಿ ಮಾತ್ರ ಮೇಲೇಳಕೂಡದು. ತೊಗಲು ಆಮೇಲೆ ಹಿಗ್ಗುತ್ತದೆಂಬ ಮಾತು ಹಳೆಯ ಕಾಲದ ಜೋಡಿಗೆ ಸಲ್ಲುತ್ತಿತ್ತು. ಈಗಿನವು ಬಹುಮಟ್ಟಿಗೆ ತೊಗಲಲ್ಲ, ಹಿಗ್ಗುವುದೂ ಇಲ್ಲ. ಹೆಂಗಸರ ಅಚ್ಚಿನವು ಸಾಧಾರಣವಾಗಿ ಹಿಮ್ಮಡಿಯಲ್ಲಿ ಕಿರ್ದಾಗಿರುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಬರೆದುದಕ್ಕಿಂತ ಪಾದ ಹೇಳುವುದೇ ಪ್ರಮಾಣ. ಗಂಡಸರದು ಒಪ್ಪಿದರೆ ಅದನ್ನೇ ಕೊಳ್ಳಲು ಸಂಕೋಚವೇನು?

ಬಿಗಿಯುವ ಕ್ರಮಗಳಲ್ಲಿ ವೆಲ್ಕ್ರೋ ಪಟ್ಟಿ ಅಗ್ಗ, ಸರಳ. ಬೋವಾ ಎಂಬ ತಿರುಗಣೆಯಿಂದ ತೆಳ್ಳನೆಯ ತಂತಿಯನ್ನು ಬಿಗಿಸುವುದು ದುಬಾರಿಯಾದರೂ ಸವಾರಿಯ ನಡುವೆ ಒಂದೇ ಕೈಯಲ್ಲಿ ಸಡಿಲಿಸಬಹುದು. ಲಾಡಿಯಾದರೆ ಅದರ ತುದಿ ಚೈನಿಗೆ ಸಿಕ್ಕದಂತೆ ಒಳಕ್ಕೆ ಸಿಕ್ಕಿಸಬೇಕು.

ಮೊಣಕಾಲಿನ ನೋವಿರುವವರು ಕ್ಲೀಟನ್ನು ಬಿಗಿಯುವಾಗ ಅವಸರಪಡಕೂಡದು. ಕ್ಲೀಟು ವಕ್ರವಾಗಿದ್ದರೆ ಪಾದವು ತನಗೆ ಸಹಜವಲ್ಲದ ಕೋನದಲ್ಲಿ ಸಿಕ್ಕಿಕೊಂಡು ಸಾವಿರಾರು ಸಲ ತಿರುಗುತ್ತದೆ. ಅದರ ಶಿಕ್ಷೆ ಮೊಣಕಾಲಿಗೆ. ಎತ್ತರದ ಮೇಜಿನ ಮೇಲೆ ಕುಳಿತು ಕಾಲುಗಳನ್ನು ಇಳಿಬಿಟ್ಟರೆ ಪಾದಗಳು ತಾವಾಗಿ ಎತ್ತ ತಿರುಗಿರುವುವೆಂದು ಕಾಣುತ್ತದೆ. ಕ್ಲೀಟನ್ನು ಆ ಕೋನಕ್ಕೆ ಹೊಂದಿಸಬೇಕು. ಮುಂದೆ ಹಿಂದೆ ಸರಿಸುವಾಗ, ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗೆ, ಇಲ್ಲವೆ ಅದಕ್ಕಿಂತ ಕೊಂಚ ಹಿಂದೆ, ಇಡುವುದು ಹಿತ. ಎಸ್.ಪಿ.ಡಿ. ಕ್ಲೀಟಿನಲ್ಲಿ ಕಾಲು ಕೆಲವು ಅಂಶಗಳಷ್ಟು ಅತ್ತಿತ್ತ ಆಡಲು ಸ್ವಾತಂತ್ರ್ಯವೂ ಇದೆ. ತಿರುಪಿಗೆ ನಾಲ್ಕು ಮಿಲಿಮೀಟರಿನ ಅಲೆನ್ ಕೀ. ಗ್ರೀಸು ಸವರಿ ಬಿಗಿಯಬೇಕು, ಮೊದಲನೆಯ ಸವಾರಿಯಾದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ತಿರುಪು ಸಡಿಲವಾದರೆ ಹಿಮ್ಮಡಿ ತಿರುಗಿಸಿದಾಗ ಜೋಡು ತಿರುಗುತ್ತದೆ, ಕ್ಲೀಟು ತಿರುಗದು. ಕಾಲು ಪೆಡಲಿನಲ್ಲೇ ಉಳಿಯುತ್ತದೆ.

ಷಿಮಾನೊದ ಕ್ಲೀಟುಗಳಲ್ಲಿ ಎರಡು ಬಗೆ. ೫೧ ಎಂಬ ಗುರುತಿನದು ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ; ೫೬ ಎಂಬುದು ಹಲವು ದಿಕ್ಕುಗಳಲ್ಲಿ, ಗಾಬರಿಯಿಂದ ಮೇಲಕ್ಕೆ ಕಿತ್ತರೂ, ಬಿಡುತ್ತದೆ. ಕಲಿಯುವವರಿಗೆ ೫೬ ಸಾಕು. ಪೆಡಲಿನಲ್ಲಿರುವ ಚಿಕ್ಕ ತಿರುಪನ್ನು ಮೂರು ಮಿಲಿಮೀಟರಿನ ಕೀಯಿಂದ ಪೂರ್ತಿ ಸಡಿಲಿಸಿ, ಗೋಡೆ ಹಿಡಿದು ನಿಂತು, ಒಂದೊಂದು ಕಾಲನ್ನು ಇಪ್ಪತ್ತು ಮೂವತ್ತು ಸಲ ಸಿಕ್ಕಿಸಿ ಬಿಡಿಸಿ ಅಭ್ಯಾಸ ಮಾಡಬೇಕು, ಆಮೇಲೆ ಮೈದಾನದ ಹುಲ್ಲಿನ ಮೇಲೆ, ರಸ್ತೆಗೆ ಕೊನೆಯಲ್ಲಿ. ಕಾಲನ್ನು ಬಿಡಿಸತಕ್ಕದ್ದು ನಿಲ್ಲುವುದಕ್ಕೆ ಮುಂಚೆ, ನಿಂತ ಮೇಲಲ್ಲ.

ಮನೆಯವರಿಗಾಗಿ ಒಂದೆರಡು ಮಾತು. ಗುಳಿಯೊಳಗಿದ್ದರೂ ಉಕ್ಕಿನ ಕ್ಲೀಟು ಜಲ್ಲಿಯ ಮೇಲೆ ಸದ್ದು ಮಾಡುತ್ತದೆ. ರಬ್ಬರು ಸವೆದಮೇಲೆ ಕೆಂಪು ಸಿಮೆಂಟಿನ ನೆಲವನ್ನೂ ಮೊಸಾಯಿಕ್ಕನ್ನೂ ಗೀರುತ್ತದೆ, ನುಣುಪುಗಲ್ಲಿನ ಮೇಲೆ ಜಾರುವುದಕ್ಕೂ ತೊಡಗುತ್ತದೆ. ಜೋಡನ್ನು ಜಗಲಿಯಲ್ಲೇ ಬಿಡುವುದು ಮೇಲು. ಮಳೆಯಲ್ಲಿ ನೆನೆದರೆ ಒಳಗಿನ ಮೆತ್ತೆಯನ್ನು ಹೊರಕ್ಕೆ ತೆಗೆದು, ಹಳೆಯ ವೃತ್ತಪತ್ರಿಕೆಯನ್ನು ಮುದುರಿ ತುಂಬಿ, ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ, ನೆರಳಿನಲ್ಲಿ ಒಣಗಿಸಬೇಕು. ಒಲೆಯ ಪಕ್ಕದಲ್ಲಿಟ್ಟರೆ ಅಂಟು ಬಿಡುತ್ತದೆ. ಚೆನ್ನಾಗಿದೆಯೆಂದು ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೇಡು. ಕರಾವಳಿಯಂಥ ತೇವದ ಹವೆಯಲ್ಲಿ ಕೆಲವು ಅಟ್ಟೆಗಳು ತೊಡದೆಯೇ ಪುಡಿಯಾಗುತ್ತವೆ.

ಈ ವಿವರಗಳನ್ನು ಆ ಸೋದರಿ ತಮ್ಮ ಅತ್ತೆಯವರಿಗೂ ಓದಿ ಹೇಳಲಿ. ಬಿದ್ದದ್ದು ಬೈಸಿಕಲ್ಲಿನಿಂದಲ್ಲ, ನಡೆಯುವಾಗ ಎಂಬುದನ್ನು ಆ ಹಿರಿಯರು ಗಮನಿಸಬೇಕೆಂದು ನಾವು ವಿನಯದಿಂದ ಕೇಳಿಕೊಳ್ಳುತ್ತೇವೆ. ಮಣಿಕಟ್ಟು ಪೂರ್ತಿ ವಾಸಿಯಾಗುವವರೆಗೆ, ವೈದ್ಯರು ಒಪ್ಪುವವರೆಗೆ, ಬೈಸಿಕಲ್ಲು ಗೋಡೆಗೆ ಒರಗಿರಲಿ. ರಸ್ತೆಯ ಜೋಡನ್ನೂ ಅದರ ಪೆಡಲುಗಳನ್ನೂ ಒಟ್ಟಿಗೇ ಮಾರಬೇಕು. ಬೇರೆ ಬೇರೆಯಾಗಿ ಕೊಂಡವನಿಗೆ ಎರಡೂ ನಿಷ್ಪ್ರಯೋಜಕ. ಪೆಡಲುಗಳನ್ನು ಬಿಚ್ಚುವಾಗ ಬಲಗಡೆಯದು ವಾಡಿಕೆಯಂತೆ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಎಡಗಡೆಯದರ ತಿರುಪು ವಿಲೋಮ. ಅದನ್ನು ಬಲಕ್ಕೆ ತಿರುಗಿಸಬೇಕು.